ಜೋಳ ಮಾರಿ ತಂದ ಕಂಪ್ಯೂಟರು

ನಂಬದೆ ಇರಲು ನಿಮಗೆ ಪೂರ್ತಿ ಅವಕಾಶವಿದೆ. ಎಷ್ಟು ಹೊತ್ತು ನಂಬದೆ ಕೂರುತ್ತೀರೋ ನಾನೂ ನೋಡುತ್ತೇನೆ. ಚಚಡಿಯ ಒಂದು ಮನೆಗೆ ಹೊಸ ಕಂಪ್ಯೂಟರು ಬಂದ ವಾರದಲ್ಲೇ, ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿದ್ದ ಹಳೆಯ ಕಂಪ್ಯೂಟರಿನ ದನಿಯೂ ಕೆಟ್ಟುಹೋಯಿತು. ಎರಡರ ನಡುವೆ ಒಂದು ತಂತಿಯ ಸಂಬಂಧವೂ ಇರಲಿಲ್ಲ. ಆ ರೋಗವನ್ನು ವಾಸಿ ಮಾಡಿದವನು ನಾನು, ಒಂದು ಸ್ಕ್ರೂ ಕೂಡ ತಿರುಗಿಸದೆ. ಸುಳ್ಳು ಅನ್ನುವವರು ಬೈಲಹೊಂಗಲದ ಬಜಾರಕ್ಕೆ ಬಂದು ಈರಣ್ಣ ಯಾರು ಎಂದು ಕೇಳಿ. ಅರ್ಧ ಮಂದಿ ನನ್ನನ್ನು ಹೊಗಳುತ್ತಾರೆ. ಉಳಿದರ್ಧ ಮಂದಿಗೆ ನಾನು ಚೇಷ್ಟೆ ಮಾಡಿದ್ದೇನೆ, ಅವರ ಮಾತು ಹಿಡಿಯಬೇಡಿ.

ಮನೆಯಲ್ಲೇ ಕುಳಿತು ಹಾಡು ಮಾಡುವವರಿಗೆ ಕಂಪ್ಯೂಟರು ಕಟ್ಟಿಕೊಡುವುದು, ಹಳೆಯದನ್ನು ಸುಧಾರಿಸುವುದು, ಸುಧಾರಿಸದಿದ್ದರೆ ಬದಲಿಸುವುದು ನನ್ನ ಕೆಲಸವಾಗಿತ್ತು. ನಮ್ಮ ಸೀಮೆಯಲ್ಲಿ ಇಂಥವರು ಓಣಿಗೊಬ್ಬರು. ಹಗಲು ಹೊಲ, ಅಂಗಡಿ, ಶಾಲೆ ಅಂತ ದುಡಿಯುತ್ತಾರೆ; ಸಂಜೆಯಾದರೆ ಬಾಗಿಲು ಹಾಕಿಕೊಂಡು ಮೈಕಿನ ಮುಂದೆ ಕೂರುತ್ತಾರೆ. ಭಜನೆ, ಮದುವೆ ಹಾಡು, ಪ್ರೇಮದಲ್ಲಿ ಸೋತವರ ಹಾಡು. ಪ್ರೇಮದಲ್ಲಿ ಸೋತವರೇ ನನ್ನ ಒಳ್ಳೆಯ ಗಿರಾಕಿಗಳು. ಅವರಿಗೆ ಎಷ್ಟು ದೊಡ್ಡ ಯಂತ್ರ ಕಟ್ಟಿಕೊಟ್ಟರೂ ದುಃಖ ಅದರಲ್ಲಿ ಹಿಡಿಸುವುದಿಲ್ಲ. ಈಗ ಅಂಗಡಿ ನನ್ನ ತಂಗಿಯ ಮಗಳು ಸುಜಾತಾಳ ಕೈಯಲ್ಲಿದೆ. ನನ್ನನ್ನು ಕೌಂಟರಿನ ಒಳಗೆ ಬಿಡುವುದಿಲ್ಲ. "ಮಾಮಾ, ನೀ ಹೊರಗ ಕುಂತು ಏನರ ಬರಿ. ಕೆಲಸ ಕಲಿಯಾಕ ಬಂದವ್ರು ಓದ್ತಾರ. ಗಿರಾಕಿ ಜೋಡಿ ಮಾತ್ರ ಮಾತಾಡಬ್ಯಾಡ," ಅಂದಳು. ಹಾಗಾಗಿ ಬರೆಯುತ್ತಿದ್ದೇನೆ.

ನನಗೆ ಕಲಿಸಿದ ಉಸ್ತಾದರು ರಾಜೇಸಾಬರು. ರೇಡಿಯೋ, ಟೇಪ್ ರೆಕಾರ್ಡರು ರಿಪೇರಿ ಮಾಡುತ್ತ ಕಂಪ್ಯೂಟರಿಗೆ ಬಂದವರು. ಡಬ್ಬಿ ತೆರೆಯುವ ಮೊದಲು ಮೂಗು ಹಚ್ಚಿ ಮೂಸುತ್ತಿದ್ದರು. ಸುಟ್ಟ ವಾಸನೆ ಬಂದರೆ ನನಗೆ ಒಂದು ಬೈಗುಳ. ಬರದಿದ್ದರೆ ಎರಡು, ಯಾಕೆಂದರೆ ಆಗ ಹುಡುಕುವ ಕೆಲಸ ಹೆಚ್ಚು. "ಲೇ ಈರ್ಯಾ, ಜಡ್ಡು ಡಬ್ಬ್ಯಾಗ ಐತೋ, ಗಿರಾಕಿ ತಲ್ಯಾಗ ಐತೋ, ಮೊದಲ ಅದನ್ನ ನೋಡು," ಎಂದು ದಿನಾ ಹೇಳುತ್ತಿದ್ದರು. ನನ್ನ ತಲೆಯಲ್ಲೂ ಇರಬಹುದು ಎಂದು ಅವರು ಹೇಳಲಿಲ್ಲ. ಅದು ತಮಗೆ ಗೊತ್ತೇ ಇದ್ದ ವಿಷಯ ಎಂದು ಬಿಟ್ಟಿರಬೇಕು.

ನಾನು ಒಬ್ಬನೇ ಕಟ್ಟಿದ ಮೊದಲ ಕಂಪ್ಯೂಟರು ರಾಮದುರ್ಗದ ಒಂದು ಭಜನಾ ಮೇಳದ್ದು. ಎಲ್ಲ ಜೋಡಿಸಿದೆ, ಹೊಸ ಪಾತ್ರೆಯ ಹಾಗೆ ಮಿಂಚುವಂತೆ ಒರೆಸಿದೆ. ಒಳಗಿನ ಫ್ಯಾನಿನ ವೈರು ಹಾಕುವುದನ್ನು ಮರೆತೆ. ಮೇಳದವರು ಮಂಗಳಾರತಿ ಹಾಡಿಗೆ ಬರುವ ಹೊತ್ತಿಗೆ ಯಂತ್ರ ಕಾದು ಆರಿಹೋಗುತ್ತಿತ್ತು. ಪ್ರತಿಸಲವೂ ಅದೇ ಹಾಡಿಗೆ. ದೇವರಿಗೆ ಮಂಗಳಾರತಿ ಬೇಡವಾಗಿದೆ ಎಂದು ಹೆದರಿ ಅವರು ಪೂಜಾರಿಯನ್ನು ಕರೆಸಿದರು. ಪೂಜಾರಿ ಬಂದು ಕಂಪ್ಯೂಟರನ್ನು ಮುಟ್ಟಿದ, ಬೆರಳು ಸುಟ್ಟುಕೊಂಡ, ದೇವರು ಬಹಳ ಉಗ್ರವಾಗಿದ್ದಾನೆ ಎಂದು ಹೇಳಿ ಹೋದ. ಸುದ್ದಿ ಬೈಲಹೊಂಗಲಕ್ಕೆ ಮುಟ್ಟಿದಾಗ ರಾಜೇಸಾಬರು, "ನೀನ ಹೋಗಿ ತೊಡಿ ಮ್ಯಾಲ ಇಟಗೊಂಡ ಬಾ," ಅಂದರು. ಬಸ್ಸಿನಲ್ಲಿ ನಾನು ಅದಕ್ಕೆ ಟವೆಲ್ಲು ಹೊದಿಸಿ, ಕೇಳಿದವರಿಗೆಲ್ಲ ದೇವರ ಪೆಟ್ಟಿಗೆ ಎಂದು ಹೇಳಿದೆ. ಪಕ್ಕದಲ್ಲಿದ್ದ ಮುದುಕಿ ಕೈ ಮುಗಿದಳು. ಕಂಡಕ್ಟರು ಮುಗಿಯಲಿಲ್ಲ, ಲಗೇಜಿನ ಟಿಕೀಟು ಹರಿದ.

ಅದಾದ ಮೇಲೆ ಫ್ಯಾನಿನ ವಿಷಯದಲ್ಲಿ ನಾನು ತುಸು ಅತಿಯಾಗಿಯೇ ಎಚ್ಚರವಾದೆ. ಕಿತ್ತೂರಿನಲ್ಲಿ ಮದುವೆ ಬ್ಯಾಂಡಿಗೆ ಕೀಬೋರ್ಡು ನುಡಿಸುವ ಬಸವರಾಜನ ಯಂತ್ರಕ್ಕೆ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಫ್ಯಾನು ಹಾಕಿದೆ. ಅವನು ಏನು ಹಾಡಿದರೂ ಹಿಂದೆ ಗುಂಯ್ ಎಂದು ಒಂದು ನಾದ ಬರತೊಡಗಿತು. ಬದಲಿಸಲು ಬೇರೆ ಫ್ಯಾನು ಇರಲಿಲ್ಲ. ಅವನನ್ನು ಕೂರಿಸಿಕೊಂಡು, "ತಮ್ಮಾ, ಇದು ತಂಬೂರಿ ಇರೋ ಮಾಡೆಲ್ಲು. ಯಾರಿಗೂ ಹೇಳಬ್ಯಾಡ, ಎಲ್ಲಾರೂ ಕೇಳ್ತಾರ," ಅಂದೆ. ಪುಣ್ಯಾತ್ಮ ಆ ನಾದಕ್ಕೇ ಶ್ರುತಿ ಹಿಡಿದು ಎರಡು ಮದುವೆ ಸೀಜನ್ನು ಹಾಡು ಮಾಡಿದ. ಕರೆಂಟು ಸಣ್ಣದಾದಾಗ ಫ್ಯಾನು ನಿಧಾನವಾಗಿ ಶ್ರುತಿ ಇಳಿಯುತ್ತಿತ್ತು, ಅವನೂ ಜೊತೆಗೆ ಇಳಿಯುತ್ತಿದ್ದ. ಮುಂದೆ ಗೊತ್ತಾಗಿ ನನ್ನನ್ನು ಹುಡುಕಿಕೊಂಡು ಬಂದ. ಹೊಡೆಯಲು ಅಲ್ಲ. ಅವನ ತಮ್ಮನೂ ಹಾಡುತ್ತಾನಂತೆ, ಅವನಿಗೂ ತಂಬೂರಿ ಮಾಡೆಲ್ಲೇ ಬೇಕಂತೆ.

ಕೆಲಸದ ರೀತಿ ಈಗ ಬದಲಾಗಿದೆ. ಆಗ ಒಂದು ಹಾರ್ಡ್ ಡಿಸ್ಕು ತಿರುಗಿದರೆ ಗಿರಣಿ ಶುರುವಾದ ಹಾಗೆ ಸದ್ದು. ಈಗಿನದು ಬೆರಳಿನಷ್ಟು, ಉಸಿರೂ ಬಿಡುವುದಿಲ್ಲ. ಆಗ ಮೊದಲು ಮೆಮೊರಿ ಹೆಚ್ಚಿಸಿ ನೋಡುತ್ತಿದ್ದೆವು, ಆಮೇಲೆ ಡಿಸ್ಕು, ಏನೂ ಆಗದಿದ್ದರೆ ಹೊಸ ಯಂತ್ರ. ಈಗ ಗಿರಾಕಿ ಬಾಗಿಲಲ್ಲೇ, "ಹೊಸಾದು ಕೊಟ್ಟಬಿಡ್ರಿ," ಅನ್ನುತ್ತಾನೆ, ಕಲಿಯುವವರೂ ಕೊಟ್ಟುಬಿಡುತ್ತಾರೆ. ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಗಿರಾಕಿ ಹಾಡುವ ಕೋಣೆಯಲ್ಲಿ ಹೋಗಿ ಒಂದು ಚಹಾ ಕುಡಿಯುವಷ್ಟು ಹೊತ್ತು ಕುಳಿತು ಬನ್ನಿ. ಇದನ್ನು ನಾನು ಚಚಡಿಯಲ್ಲಿ ಕಲಿತೆ.

ಚಚಡಿಯ ಫಕೀರಪ್ಪ ಒಕ್ಕಲುತನದವನು. ಮಾತು ಕಡಿಮೆ, ಖರ್ಚು ಅದಕ್ಕಿಂತ ಕಡಿಮೆ. ಅವನ ಹೆಂಡತಿ ಗಂಗವ್ವ ಎರಡರಲ್ಲೂ ಅವನಿಗೆ ವಿರುದ್ಧ. ಮದುವೆಗಳಲ್ಲಿ ಹೆಣ್ಣಿನ ಕಡೆಯವರು ಅಳಿಯನನ್ನೂ ಬೀಗರನ್ನೂ ಹಂಗಿಸಿ ಹಾಡುತ್ತಾರಲ್ಲ, ಆ ಹಾಡು ಕಟ್ಟುವುದರಲ್ಲಿ ಸವದತ್ತಿ ತಾಲೂಕಿನಲ್ಲೇ ಅವಳನ್ನು ಮೀರಿಸುವವರಿಲ್ಲ. ಅವಳು ಚಪ್ಪರದೊಳಗೆ ಬಂದರೆ ಅಳಿಯಂದಿರು ಬಾಸಿಂಗ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಅವರ ಮನೆಯ ಒಳಕೋಣೆಯಲ್ಲಿ ನಾನು ಕಟ್ಟಿಕೊಟ್ಟ ಒಂದು ಹಳೆಯ ಕಂಪ್ಯೂಟರು ಇತ್ತು. ಅದರಲ್ಲಿ ಗಂಗವ್ವ ಮಾಡಿದ ಒಂದು ಹಾಡು ಫೋನಿನಿಂದ ಫೋನಿಗೆ ಹಾರಿ ಹುಬ್ಬಳ್ಳಿಯ ಒಬ್ಬ ಹಾಡು ಮಾರುವವನ ಕಿವಿಗೆ ಬಿತ್ತು. ಶ್ರಾವಣ ಮುಗಿಯುವುದರೊಳಗೆ ಇಂಥವೇ ನಾಲ್ಕು ಹಾಡು ಕಳಿಸು, ದನಿ ಮಾತ್ರ ಹೀಗೇ ಇರಬೇಕು, ಕಿವಿಯ ಹತ್ತಿರ ಕುಳಿತು ಹೇಳಿದ ಹಾಗೆ, ಅಂದ.

ಹಳೆಯ ಯಂತ್ರ ಅದಕ್ಕೆ ಮುದಿಯಾಗಿತ್ತು. ಹಾಡು, ಡಪ್ಪು, ಹಿಮ್ಮೇಳ ಮೂರನ್ನು ಬೇರೆ ಬೇರೆ ಹಿಡಿದು ಕೂಡಿಸಲು ಹೋದರೆ ನಿಂತುಬಿಡುತ್ತಿತ್ತು. ಹಾಡಿದ್ದು ಹೆಡ್‌ಫೋನಿನಲ್ಲಿ ತಡವಾಗಿ ಕೇಳುತ್ತಿತ್ತು. ಗಂಗವ್ವ, "ಅಣ್ಣಾರ, ನಾ ಹಾಡಿದ ಮ್ಯಾಲ ನಾನ ನನ್ನ ದಾರಿ ಕಾಯ್ಬೇಕಾಗೇತ್ರಿ," ಅಂದಳು. ನಾನು ಮೆಮೊರಿ ಹೆಚ್ಚಿಸಿದೆ. ಯಂತ್ರ ಒಂದು ವಾರ ಓಡಿ ಮತ್ತೆ ಕುಂಟಿತು. ಇನ್ನು ಹೊಸದೇ ಗತಿ ಎಂದು ಫಕೀರಪ್ಪನಿಗೆ ಹೇಳಿಬಿಟ್ಟೆ.

ಎಂಟು ದಿನ ಅವನ ಸುದ್ದಿ ಇರಲಿಲ್ಲ. ಆಮೇಲೆ ಒಂದು ದಿನ ಅಂಗಡಿಗೆ ಬಂದು, "ಕಟ್ಟಿಬಿಡ್ರಿ," ಅಂದ. ಚೌಕಾಶಿಯನ್ನೂ ಮಾಡಲಿಲ್ಲ. ನನಗೆ ಅದೇ ಹೆದರಿಕೆಯಾಯಿತು. ಹೋಗುವಾಗ ಬಾಗಿಲಲ್ಲಿ ನಿಂತು, "ಈರಣ್ಣಾರ, ನಾಕ ಹಾಡು ಆದ್ವು, ಛಲೋ. ಆಗಲಿಲ್ಲ, ಮಷೀನೂ ಮಾರ್ತೇನಿ, ಮೈಕೂ ಮಾರ್ತೇನಿ. ಆಮ್ಯಾಲ ನಮ್ಮ ಮನ್ಯಾಗ ಹಾಡಿನ ಮಾತು ಬ್ಯಾಡ. ಕಟ್ಟಿ ಮ್ಯಾಲ ಕುಂತ ಮಂದಿ ಈಗಾಗಲೇ ನಗಾಕತ್ತಾರ," ಅಂದ. ಅವನ ಹಿಂದೆ ನಿಂತಿದ್ದ ಗಂಗವ್ವ ಅಂಗಡಿಯ ಮೈಕುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು.

ನನ್ನ ಜನ್ಮದಲ್ಲೇ ಕಟ್ಟದಂಥ ಯಂತ್ರ ಕಟ್ಟಿದೆ. ಸದ್ದಿಲ್ಲ, ಬಿಸಿಯಿಲ್ಲ, ಹಾಡು ಬಾಯಿಂದ ಹೊರಟ ಕ್ಷಣಕ್ಕೇ ಕಿವಿಗೆ. ಚಚಡಿಗೆ ಸುಜಾತಾ ಹೋಗಿ ಇಟ್ಟು ಬಂದಳು. ಮೂರನೆಯ ದಿನ ಫಕೀರಪ್ಪನ ಫೋನು. "ಈರಣ್ಣಾರ, ನೀವು ಕೊಟ್ಟದ್ದು ಕಂಪ್ಯೂಟರೋ ಬಾವಿಯೋ?"

ಹೋದೆ. ಗಂಗವ್ವ ಹಾಡಿ ಕೇಳಿಸಿದಳು. ಖರೆ, ಬಾವಿಯೊಳಗೆ ಇಳಿದು ಹಾಡಿದ ಹಾಗೆ. ಪ್ರತಿ ಪದದ ಹಿಂದೆ ಅದರ ಬಾಲ. ನಾನು ಹೆದರಲಿಲ್ಲ, ಕಾರಣ ನಾನು ಈರಣ್ಣ. ಮೈಕಿನ ವೈರು ಬದಲಿಸಿದೆ. ಬಾವಿ. ಸೌಂಡ್ ಕಾರ್ಡು ಬದಲಿಸಿದೆ. ಬಾವಿ. ಒಳಗಿನದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿಸಿದೆ. ಬಾವಿ ಇನ್ನೂ ಆಳವಾದಂತೆ ಕಂಡಿತು. ಕೊನೆಗೆ ಮೂಲೆಯಲ್ಲಿದ್ದ ಹಳೆಯ ಯಂತ್ರವನ್ನು ಎಬ್ಬಿಸಿ, ಅದಕ್ಕೇ ಮೈಕು ಹಚ್ಚಿದೆ. ಇದರ ದನಿ ಸರಿ ಇದ್ದರೆ ತಪ್ಪು ಹೊಸದರದ್ದು ಅಂತ ತೀರ್ಮಾನವಾಗಬೇಕು. ಗಂಗವ್ವ ಒಂದು ಸಾಲು ಹಾಡಿದಳು. ಹಳೆಯದರಲ್ಲೂ ಬಾವಿ.

ಫಕೀರಪ್ಪ ಎದ್ದು ನಿಂತ. "ಹೊಸಾದು ಹಳೇದನ್ನೂ ಕೆಡಿಸಿತು ನೋಡ್ರಿ."

"ಅಲ್ಲೋ ಮಾರಾಯಾ, ಒಂದರ ಗಾಳಿ ಒಂದಕ್ಕ ತಾಕಿ ಕೆಡಾಕ ಇವೇನು ದನಾ?"

"ನೀವ ಹೇಳ್ತಿದ್ರೆಲ್ರಿ, ಕಂಪ್ಯೂಟರಿಗೆ ವೈರಸ್ ಬರತೈತಿ ಅಂತ. ಒಂದ ಕೋಣ್ಯಾಗ ಇಟ್ರ ಬರೂದಿಲ್ಲೇನು?"

ಫಕೀರಪ್ಪ ಮುಂದಿನ ಸಂತೆಗೆ ಎರಡನ್ನೂ ಕೊಂಡೊಯ್ದು ಮಾರುತ್ತೇನೆ ಎಂದು ಹೇಳುತ್ತಲೇ ಮೈಕಿನ ಸ್ಟ್ಯಾಂಡು ಬಿಚ್ಚತೊಡಗಿದ. ಗಂಗವ್ವ ಸೆರಗಿನಿಂದ ಮೈಕು ಒರೆಸುತ್ತಿದ್ದಳು, ಒರೆಸಿದ್ದನ್ನೇ ಮತ್ತೆ ಮತ್ತೆ. ಅದನ್ನು ನೋಡಿ ನನ್ನ ಕೈಯ ಸ್ಕ್ರೂಡ್ರೈವರು ಜಾರಿ ನೆಲಕ್ಕೆ ಬಿತ್ತು. ಟಣ್ ಎಂದದ್ದು ಗೋಡೆಗೆ ಹೋಗಿ, ಎದುರು ಗೋಡೆಗೆ ಬಂದು, ಮೇಲೆ ಹತ್ತಿ, ಇಳಿದು, ಆಮೇಲೆ ನಿಂತಿತು. ನಾನು ಕೋಣೆಯನ್ನು ಮೊದಲ ಸಲ ಸರಿಯಾಗಿ ನೋಡಿದೆ. ಬರಿದು. ನಾಲ್ಕು ಬೋಳು ಗೋಡೆ, ಒಂದು ಮೇಜು.

"ಫಕೀರಪ್ಪ, ಇಲ್ಲಿ ಗ್ವಾಡಿಗುಂಟ ಏನೋ ಇತ್ತಲ್ಲ?"

"ಜೋಳದ ಚೀಲ ಇದ್ವು."

"ಮಾಳಗಿ ಮಟ ಇದ್ವು, ಅಲ್ಲ?"

"ಇದ್ವು."

"ಎಲ್ಲಿ ಹೋದ್ವು?"

ಫಕೀರಪ್ಪ ಹೊಸ ಕಂಪ್ಯೂಟರಿನ ಕಡೆ ಬೆರಳು ಮಾಡಿ, "ಅದರೊಳಗ ಹೋದ್ವು," ಅಂದ.

ಹುಬ್ಬಳ್ಳಿಯವನು ಮೆಚ್ಚಿದ ಮೊದಲ ಹಾಡಿನ ಆ ಸವಿಯನ್ನು ಯಾವ ಯಂತ್ರವೂ ಮಾಡಿರಲಿಲ್ಲ. ಗೋಡೆಗುಂಟ ಕುಳಿತಿದ್ದ ಜೋಳದ ಚೀಲಗಳು ಮಾರುದನಿಯನ್ನು ನುಂಗಿ ಅವಳ ದನಿಯನ್ನಷ್ಟೇ ಉಳಿಸಿದ್ದವು. ಯಂತ್ರ ಕೊಳ್ಳಲೆಂದು ಫಕೀರಪ್ಪ ಮಾರಿದ್ದು ಅವನ್ನೇ. ನಾನು ಬಿಡಿಸಿ ಹೇಳಿದೆ. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು, ಅರ್ಥವಾದ ಮೇಲೆ ಸಿಟ್ಟು ಬರಲು ಹೊತ್ತು ಹಿಡಿಯಲಿಲ್ಲ. "ಹಂಗಾರ ಇದನ್ನ ಮಾರಿ ಮತ್ತ ಜೋಳ ತರ್ಲ್ಯಾ?" ಅಂದ. ಜೋಳ ಬಂದರೆ ಹಾಡು ಹಿಡಿಯಲು ಯಂತ್ರ ಇರುವುದಿಲ್ಲ, ಯಂತ್ರ ಇದ್ದರೆ ಜೋಳ ಇರುವುದಿಲ್ಲ. ಹೊಸ ಪೀಕು ಬರಲು ಇನ್ನೂ ಮಾಘ ಕಳೆಯಬೇಕು. ಶ್ರಾವಣ ಮುಗಿಯಲು ವಾರವೂ ಇರಲಿಲ್ಲ.

ಓಣಿಯವರ ಕೌದಿಗಳನ್ನು, ಹಳೆಯ ಸೀರೆ ಹೊಲಿದು ಮಾಡಿದ ದಪ್ಪ ಹೊದಿಕೆಗಳನ್ನು, ತಂದು ಗೋಡೆಗೆ ಕಟ್ಟಿದೆವು. ಅದೂ ಒಂದು ಉಪಾಯವೇ. ಗಂಗವ್ವ ಒಂದು ಸಾಲು ಹಾಡಿದಳು, ಎರಡು ಸಲ ಸೀನಿದಳು. ಅಷ್ಟರಲ್ಲಿ ಕೌದಿಯ ಒಡತಿಯರೆಲ್ಲ ನೋಡಲು ಬಂದರು. ಯಾರ ಕೌದಿಯಲ್ಲಿ ಯಾರ ಸೀರೆಯ ತುಂಡು ಹೇಗೆ ಸೇರಿತು ಎಂದು ಮಾತು ಶುರುವಾಯಿತು, ಮಾತು ಜಗಳವಾಯಿತು. ಸಂಜೆಗೆ ಕೌದಿಗಳೆಲ್ಲ ಮನೆಗೆ ಮರಳಿದವು.

ಆಗ ನನಗೆ ಹೊಳೆಯಿತು, ಚೀಲವನ್ನು ಹಾಡಿನ ಹತ್ತಿರ ತರಲಾಗದಿದ್ದರೆ ಹಾಡನ್ನೇ ಚೀಲದ ಹತ್ತಿರ ಒಯ್ಯಬೇಕು. ಜೋಳ ಕೊಂಡವನು ಯರಗಟ್ಟಿಯ ಅಡತಿ ವ್ಯಾಪಾರಿ ಬಾಬಾಜಾನ್. ಫೋನು ಮಾಡಿದೆ. ಫಕೀರಪ್ಪನ ಚೀಲಗಳು ಗೋದಾಮಿನಲ್ಲೇ ಇದ್ದವು, ಅಮವಾಸ್ಯೆ ಮುಗಿದ ಮರುದಿನ ಲಾರಿ ಬಂದು ಎತ್ತಿಕೊಂಡು ಹೋಗುವುದಿತ್ತು. ಅಮವಾಸ್ಯೆಯ ದಿನ ನಮ್ಮಲ್ಲಿ ಹಮಾಲರು ಚೀಲ ಮುಟ್ಟುವುದಿಲ್ಲ. ಗೋದಾಮು ಶಾಂತವಾಗಿರುವುದು ಅದೊಂದೇ ದಿನ, ಶ್ರಾವಣದ ಕಡೆಯ ದಿನವೂ ಅದೇ.

"ಬಾಬಾಜಾನ್ ಸಾವಕಾರ, ಹೆಣ್ಮಕ್ಕಳ ಹಾಡು ಕೇಳಿದ ಜೋಳಕ್ಕ ನುಸಿ ಹತ್ತೂದಿಲ್ಲಂತ, ಗೊತ್ತೈತಿಲ್ಲೋ?" ಅಂದೆ.

"ಈರಣ್ಣ, ನಿನ್ನ ಮಾತು ಕೇಳಿದ ಜೋಳಕ್ಕ ಹತ್ತತೈತಿ. ಬರ್ರಿ. ಚೀಲ ಮಾತ್ರ ಸರಸಬ್ಯಾಡ್ರಿ," ಅಂದ ಬಾಬಾಜಾನ್.

ಅಮವಾಸ್ಯೆಯ ಬೆಳಿಗ್ಗೆ ಹೊಸ ಕಂಪ್ಯೂಟರನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಯರಗಟ್ಟಿಗೆ ಹೋದೆವು. ಹಿಮ್ಮೇಳ ಹಾಡುವ ಗಂಗವ್ವನ ಗೆಳತಿಯರು ಬರಲಿಲ್ಲ. ಗಂಡಸರ ಪೇಟೆಯಲ್ಲಿ ಕುಳಿತು ಹಾಡುವುದು ಹೇಗೆ ಎಂದು ಹಿಂದೆ ಸರಿದಿದ್ದರು. ಗೋದಾಮಿನಲ್ಲಿ ಹಮಾಲರು ತೂಕದ ಕಾಟಾ ಪೂಜೆ ಮಾಡಿ, ಕಾಯಿ ಒಡೆದು, ಚುರುಮುರಿ ತಿನ್ನುತ್ತ ಕುಳಿತಿದ್ದರು. ಕಾಟಾದ ಪ್ಲಗ್ಗಿನಿಂದಲೇ ಕರೆಂಟು ಎಳೆದೆ. ಮೂರು ಕಡೆ ಚೀಲದ ಗೋಡೆ, ನಡುವೆ ಒಂದು ಖಾಲಿ ಚೀಲ ಹಾಸಿ ಗಂಗವ್ವನನ್ನು ಕೂರಿಸಿದೆ. ಫಕೀರಪ್ಪ ತನ್ನ ಚೀಲಗಳನ್ನು ಗುರುತು ಹಿಡಿದು ಒಂದು ಸಲ ಕೈಯಾಡಿಸಿದ. "ನಾಕ ಹಾಡು," ಎಂದು ನನಗೆ ನೆನಪು ಮಾಡಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ.

ಗಂಗವ್ವ ಒಂದು ಸಾಲು ಹಾಡಿದಳು. ನಾನು ಹೆಡ್‌ಫೋನು ಒತ್ತಿ ಹಿಡಿದೆ. ಬಾವಿ ಇಲ್ಲ. ಕಿವಿಯ ಹತ್ತಿರ ಕುಳಿತು ಹೇಳಿದ ಹಾಗೆ.

ಮೊದಲ ಎರಡು ಹಾಡು ಒಬ್ಬಳೇ ಮುಗಿಸಿದಳು. ಮೂರನೆಯದಕ್ಕೆ ಹಿಮ್ಮೇಳ ಇಲ್ಲದೆ ಆಗುವುದಿಲ್ಲ. ಅವಳು ಹಂಗಿಸಬೇಕು, ಮಂದಿ ಅದನ್ನೇ ತಿರುಗಿ ಹಾಡಬೇಕು, ಆಗಲೇ ಅಳಿಯನಿಗೆ ನಾಟುವುದು. ಗಂಗವ್ವ ಸುತ್ತ ನೋಡಿ, ಹಮಾಲರ ಮುಂದಾಳು ಯಮನಪ್ಪನಿಗೆ, "ಯಮನಪ್ಪಣ್ಣಾ, ಚೀಲ ಎತ್ತೂಮುಂದ ದನಿ ತಗೀತೀರಲ್ಲ, ಅದನ್ನ ಇಲ್ಲಿ ತಗೀರಿ," ಅಂದಳು.

"ಯವ್ವಾ, ನಾವು ಗಂಡಸರು. ಅಳಿಯನ್ನ ಬೈಯೂ ಹಾಡು ನಾವ್ಹೆಂಗ ಹಾಡೂದು?"

"ನೀವೂ ಒಬ್ಬೊಬ್ಬರ ಮನಿ ಅಳಿಯಂದಿರ ಅಲ್ಲೇನು? ನಿಮಗ ಗೊತ್ತಿಲ್ಲದ್ದು ಇದರಾಗ ಏನೈತಿ?"

ಹಮಾಲರು ನಕ್ಕರು, ಚುರುಮುರಿಯ ಕಾಗದ ಮಡಚಿಟ್ಟರು. ಗಂಗವ್ವ ತಾನೇ ಕಟ್ಟಿದ ಹಾಡು ಎತ್ತಿದಳು:

ಅಳಿಯ ಬಂದಾನ ನೋಡ ಮೀಸಿ ಹುರಿ ಮಾಡಿ
ಉಂಡ ರೊಟ್ಟಿಗಿ ಲೆಕ್ಕ ಕೇಳಾನ

ಎರಡನೆಯ ಸಾಲನ್ನು ಹಮಾಲರು ತಿರುಗಿ ಹಾಡಿದರೆ, ಚೀಲ ಒಂದೇ ಸಲ ಹೆಗಲಿಗೇರಿದ ಹಾಗೆ ಇತ್ತು. ಕ್ವಿಂಟಲ್ ತೂಕದ ಹಿಮ್ಮೇಳ. ನಾನೂ ಸುಮ್ಮನಿರಲಿಲ್ಲ. ಹಮಾಲರ ಹಿಂದೆ, ಚೀಲಗಳ ಸಂದಿಯಲ್ಲಿ ನಿಂತು ದನಿ ಕೂಡಿಸಿದೆ. ಆ ಹಾಡು ನಿಮ್ಮ ಫೋನಿಗೂ ಬಂದಿದ್ದರೆ ಕೇಳಿ ನೋಡಿ, ಎಲ್ಲರ ದನಿಗಿಂತ ಕೆಳಗೆ ಒಂದು ದಪ್ಪ ದನಿ ಇದೆ. ರೊಟ್ಟಿಯ ಲೆಕ್ಕ ಕೇಳುವ ಸಾಲಿಗೆ ಎಲ್ಲರಿಗಿಂತ ಮೊದಲು ಏಳುತ್ತದೆ, ಎಲ್ಲರಿಗಿಂತ ತಡವಾಗಿ ಇಳಿಯುತ್ತದೆ. ಮದುವೆಗಳಲ್ಲಿ ಮಂದಿ ಅದು ಯಾರದೆಂದು ಕೇಳುತ್ತಾರೆ. ಅದು ನನ್ನ ದನಿ.

ನಾಲ್ಕನೆಯದು ಮುಗಿಯುವಷ್ಟರಲ್ಲಿ ಗೋದಾಮಿನ ತಗಡಿನ ಮೇಲೆ ಮಳೆ ಹನಿ ಬೀಳತೊಡಗಿತು. ಹಾಡು ಅದೇ ಸಂಜೆ ಹುಬ್ಬಳ್ಳಿಗೆ ಹೋಯಿತು. ಮಾರುವವನು ಮೂರನೆಯದನ್ನೇ ಮೊದಲು ಬಿಟ್ಟ. ಮುಂದಿನ ಸುಗ್ಗಿಯಲ್ಲಿ ಅವನು ಮತ್ತೆ ಹಾಡು ಕೇಳಿದಾಗ ಗಂಗವ್ವನ ಮನೆಯಲ್ಲಿ ಯಂತ್ರವೂ ಇತ್ತು, ಮೈಕೂ ಇತ್ತು, ಮಾಳಿಗೆ ಮುಟ್ಟುವ ಹಾಗೆ ಚೀಲವೂ ಇತ್ತು. ದರ ಏರಿದೆ, ಮಾರು ಎಂದು ಬಾಬಾಜಾನ್ ಎರಡು ಸಲ ಹೇಳಿ ಕಳಿಸಿದ. ಫಕೀರಪ್ಪ ಕೊಟ್ಟ ಉತ್ತರ ಯರಗಟ್ಟಿಯಲ್ಲಿ ಈಗಲೂ ಹೇಳಿ ನಗುತ್ತಾರೆ: "ಹಾಡು ಇನ್ನೂ ಮುಗಿದಿಲ್ರಿ. ಜೋಳ ಕೆಲಸದ ಮ್ಯಾಲ ಐತಿ."

ಇದರಲ್ಲಿ ಸುಳ್ಳು ಯಾವುದು ಎಂದು ನೀವು ಹುಡುಕುತ್ತಿರುತ್ತೀರಿ. ಪೂಜಾರಿ ಬೆರಳು ಸುಟ್ಟುಕೊಂಡದ್ದು ಖರೆ. ತಂಬೂರಿ ಮಾಡೆಲ್ಲು ಖರೆ. ಹೊಸದು ಹಳೆಯದನ್ನು ಕೆಡಿಸಿತು ಎಂದು ಫಕೀರಪ್ಪ ಅಂದದ್ದಂತೂ ನೂರಕ್ಕೆ ನೂರು ಖರೆ. ಸುಳ್ಳು ಒಂದೇ. ಹೆಡ್‌ಫೋನು ಹಾಕಿಕೊಂಡು ಯಂತ್ರದ ಮುಂದೆ ಕೂತವನು ಚೀಲದ ಸಂದಿಯಲ್ಲಿ ನಿಂತು ಹಾಡುವುದು ಹೇಗೆ ಎಂದು ನೀವು ಕೇಳಲೇ ಇಲ್ಲ. ಆ ದಪ್ಪ ದನಿ ನನ್ನದಲ್ಲ. ಮೂರನೆಯ ಹಾಡಿಗೆ ಫಕೀರಪ್ಪ ಚಪ್ಪಲಿ ಹೊರಗೇ ಬಿಟ್ಟು ಮೆಲ್ಲಗೆ ಒಳಗೆ ಬಂದಿದ್ದ. ರೊಟ್ಟಿಗೂ ಲೆಕ್ಕ ಕೇಳುವ ಆ ಅಳಿಯ ತಾನೇ ಎಂದು ಗೊತ್ತಿದ್ದೂ, ತನ್ನ ಚೀಲಗಳ ನಡುವೆ ಕಣ್ಣು ಮುಚ್ಚಿ ನಿಂತು ಹಾಡಿದ. ಮುಗಿದ ಮೇಲೆ ನನ್ನ ತೋಳು ಹಿಡಿದು, "ಯಾರರ ಕೇಳಿದ್ರ ನಿಮ್ಮ ದನಿ ಅಂತ ಹೇಳ್ರಿ," ಅಂದ. ಇಲ್ಲಿಯವರೆಗೆ ಹೇಳುತ್ತ ಬಂದೆ, ಹೊಗಳಿಕೆಯನ್ನೂ ನಾನೇ ಉಂಡೆ. ಈಗ ಬಿಟ್ಟುಕೊಡುತ್ತಿದ್ದೇನೆ. ಅವನಿಗೆ ಓದಲು ಬರುವುದಿಲ್ಲ, ಗಂಗವ್ವ ಓದಿ ಹೇಳುತ್ತಾಳೆ, ಈ ಸಾಲನ್ನು ಎರಡು ಸಲ.